ಅತಿಥಿಯೂ ಒಕ್ಕಲೂ

ಅತಿಥಿ ಎಂಬ ಮಾತನ್ನು ನಮ್ಮ ಹಿರಿಯರು ಬಿಡಿಸಿ ಹೇಳುವುದುಂಟು: ಬರುವ ತಿಥಿಯನ್ನು ಮುಂದಾಗಿ ತಿಳಿಸದೆ ಬಂದವನು ಅತಿಥಿ. ಅವನನ್ನು ದೇವರಂತೆ ಕಾಣಬೇಕೆಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ನಾನೂ ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಆದರೆ ಬರುವ ತಿಥಿಯನ್ನು ಕೇಳದ ನಾವು, ಅವನು ಹೋಗುವ ತಿಥಿಯನ್ನು ಮಾತ್ರ ಒಳಗೊಳಗೇ ಎಣಿಸುತ್ತಿರುತ್ತೇವೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಮೂರು ದಿನ ಇದ್ದು ಹೋಗುವವನಿಗೆ ದೇವರ ಪಟ್ಟ ಕಟ್ಟುವುದು ಕಷ್ಟವಲ್ಲ. ಬಂದವನು ಹೋಗುವುದಿಲ್ಲ, ಇಲ್ಲಿಯೇ ಉಳಿಯುತ್ತಾನೆ ಎಂದಾದಾಗ ಅವನನ್ನು ಏನೆಂದು ಕರೆಯಬೇಕು? ಅವನಿಗೆ ಏನನ್ನು ಕೊಡಬೇಕು? ನಮ್ಮ ನೀತಿಯ ಮಾತು ತೊದಲುವುದು ಇಲ್ಲಿ.

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಬೇರೂರಿದ್ದು ಅಮೆರಿಕದ ಎಪಿಸ್ಕೋಪಲ್ ಚರ್ಚಿಗೆ ಸೇರಿದ ಕೆಲವು ಸಣ್ಣ ಸಭೆಗಳ ಕಥೆಯನ್ನು ಓದಿದ ಮೇಲೆ. ನಾನು ಕ್ರೈಸ್ತನಲ್ಲ, ಅವರ ದೇವತಾಶಾಸ್ತ್ರವನ್ನು ಕುರಿತು ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಆದರೆ ಭಾಷೆ, ಬಣ್ಣ, ಊರು ಬೇರೆಯಾದ ಜನ ಪ್ರತಿ ಭಾನುವಾರ ಒಂದೇ ಸೂರಿನ ಕೆಳಗೆ ಕೂಡಿದಾಗ ಏಳುವ ಪ್ರಶ್ನೆಗಳು ಎಲ್ಲರ ಪ್ರಶ್ನೆಗಳೇ ಅಲ್ಲವೆ?

ಎಪಿಸ್ಕೋಪಲ್ ಚರ್ಚು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಕವಲು. ಅಮೆರಿಕ ಸ್ವತಂತ್ರವಾದ ಮೇಲೆ, 1789ರಲ್ಲಿ, ಅದು ತನ್ನದೇ ಸಂವಿಧಾನವನ್ನೂ ಪ್ರಾರ್ಥನಾ ಪುಸ್ತಕವನ್ನೂ ಮಾಡಿಕೊಂಡಿತು. ಬಿಷಪ್ಪರಿದ್ದಾರೆ, ಆದರೆ ಊರಿನ ಸಭೆಯ ಹಣಕಾಸು, ಕಟ್ಟಡ, ಲೌಕಿಕ ವ್ಯವಹಾರವೆಲ್ಲ ಸದಸ್ಯರೇ ಆರಿಸಿದ ಒಂದು ಸಮಿತಿಯ ಕೈಯಲ್ಲಿ. ಅದಕ್ಕೆ ವೆಸ್ಟ್ರಿ ಎಂದು ಹೆಸರು. ಬಹುಕಾಲ ಇದು ಉಳ್ಳವರ, ಪ್ರತಿಷ್ಠಿತರ ಚರ್ಚು ಎನಿಸಿತ್ತು. ಜಾರ್ಜ್ ವಾಷಿಂಗ್ಟನ್ ಅವರೇ ವೆಸ್ಟ್ರಿಯ ಸದಸ್ಯರಾಗಿದ್ದವರು. 1960ರ ದಶಕದ ನಡುವೆ 34 ಲಕ್ಷವನ್ನು ದಾಟಿದ್ದ ಸದಸ್ಯರ ಸಂಖ್ಯೆ ಇಂದು 16 ಲಕ್ಷಕ್ಕಿಂತ ಕೆಳಗಿದೆ. ಹೀಗಾಗಿ ಅನೇಕ ಊರುಗಳಲ್ಲಿ ದೊಡ್ಡ ಕಟ್ಟಡ, ಚಿಕ್ಕ ಸಭೆ. ಖಾಲಿ ಬೆಂಚುಗಳ ನಡುವೆ ನರೆತ ತಲೆಗಳು. ಇಂಥ ಕಡೆ ಒಂದು ಭಾನುವಾರ ಬಾಗಿಲು ತೆರೆದು ಬೇರೆ ನಾಡಿನ ಜನ ಒಳಗೆ ಬಂದರೆ ಏನಾಗುತ್ತದೆ?

ಹಾಗೆ ನಿಜವಾಗಿ ನಡೆದ ಊರೊಂದಿದೆ. ಟೆನೆಸಿ ರಾಜ್ಯದ ನ್ಯಾಷ್‌ವಿಲ್ ನಗರದ ಹತ್ತಿರ ಸ್ಮರ್ನಾ ಎಂಬ ಊರು. ಅಲ್ಲಿ ಆಲ್ ಸೇಂಟ್ಸ್ ಎಂಬ ಚರ್ಚು. ಈ ಶತಮಾನದ ಮೊದಲ ದಶಕದಲ್ಲಿ, ಸಲಿಂಗಪ್ರೇಮಿಯೊಬ್ಬರನ್ನು 2003ರಲ್ಲಿ ಬಿಷಪ್ಪರನ್ನಾಗಿ ಮಾಡಿದ ವಿಚಾರವಾಗಿ ಇಡೀ ಪಂಗಡದಲ್ಲಿ ಎದ್ದ ಒಡಕಿನಲ್ಲಿ, ಆ ಸಭೆಯ ಹೆಚ್ಚಿನವರು ಬಿಟ್ಟುಹೋದರು. ಉಳಿದವರು ಕೆಲವೇ ಮಂದಿ. ಅವರ ತಲೆಯ ಮೇಲೆ ಕಟ್ಟಡದ ಸಾಲ. ಜಾಗವನ್ನು ಮಾರಿ ಕೈತೊಳೆದುಕೊಳ್ಳುವ ಮಾತು ನಡೆದಿತ್ತು. ಅಷ್ಟರಲ್ಲಿ ಬರ್ಮಾ ದೇಶದ ಕರೆನ್ ಜನ ಬಂದರು. ಬರ್ಮಾದ ಸರ್ಕಾರಕ್ಕೂ ಕರೆನ್ ಹೋರಾಟಗಾರರಿಗೂ 1949ರಿಂದ ಯುದ್ಧ. ಹಳ್ಳಿ ಸುಟ್ಟುಹೋಗಿ, ಥಾಯ್‌ಲೆಂಡಿನ ಗಡಿಯ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು, ಅಮೆರಿಕಕ್ಕೆ ನಿರಾಶ್ರಿತರಾಗಿ ಬಂದವರು ಅವರು. ಬ್ರಿಟಿಷರ ಕಾಲದ ಮಿಷನ್ನುಗಳ ಫಲವಾಗಿ ಅವರಲ್ಲಿ ಕೆಲವರು ಆಂಗ್ಲಿಕನ್ನರು. ತಮ್ಮ ಪ್ರಾರ್ಥನೆ ನಡೆಯುವ ಚರ್ಚನ್ನು ಹುಡುಕಿಕೊಂಡು ಇಲ್ಲಿಗೆ ಬಂದಿದ್ದರು.

ಪಾದ್ರಿ ಮೈಕೇಲ್ ಸ್ಪರ್ಲಾಕ್ ಅವರ ಎದುರಿಗೆ ಈಗ ಎರಡು ಬಡತನಗಳು ಕೂಡಿದವು: ಸಾಲಗಾರ ಸಭೆ, ಕೈಬರಿದಾದ ಜನ. ಆದರೆ ಚರ್ಚಿನ ಸುತ್ತ ಹತ್ತಾರು ಎಕರೆ ನೆಲ ಬಿದ್ದಿತ್ತು. ಬಂದವರು ಹುಟ್ಟಾ ಬೇಸಾಯಗಾರರು. ನೆಲವನ್ನು ಉತ್ತು ತರಕಾರಿ ಬೆಳೆದರು. ತಾವೂ ಉಂಡರು, ಮಾರಿದರು. ಚರ್ಚು ಉಳಿಯಿತು. ಈ ಕಥೆಯ ಮೇಲೆ 2017ರಲ್ಲಿ ಒಂದು ಚಲನಚಿತ್ರವೂ ಬಂತು. ಬರ್ಮೀಯರಿಗೆ ಪ್ರಾಣಪ್ರಿಯವಾದ ಹುಳಿಸೊಪ್ಪೊಂದಿದೆ, ಚಿನ್ ಬಾಂಗ್ ಎನ್ನುತ್ತಾರೆ. ಅದು ನಮ್ಮ ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಪುಂಡಿಪಲ್ಲೆಯೇ. ಪರದೇಶದ ಮಣ್ಣಿನಲ್ಲಿ ಅಂಥ ಸೊಪ್ಪೊಂದು ಚಿಗುರಿದರೆ ಮನುಷ್ಯನಿಗೆ ಏನಾಗುತ್ತದೆಂಬುದನ್ನು ಕಲಬುರಗಿಯಿಂದ ಹೊರಟು ದೂರದೂರಿನಲ್ಲಿ ನೆಲೆಸಿದ ಯಾರನ್ನಾದರೂ ಕೇಳಬಹುದು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳುತ್ತಾರೆ. ಚರ್ಚು ನಿರಾಶ್ರಿತರನ್ನು ಕಾಪಾಡಿತು ಎಂದು ಒಬ್ಬರು. ನಿರಾಶ್ರಿತರೇ ಚರ್ಚನ್ನು ಕಾಪಾಡಿದರು ಎಂದು ಇನ್ನೊಬ್ಬರು. ಎರಡೂ ಮಾತು ಉಪಕಾರದ ಲೆಕ್ಕವೇ. ಜಮಾ ಖರ್ಚಿನ ಕಡೆ ಬದಲಾಗಿದೆ, ಅಷ್ಟೆ. ನನಗೆ ಮುಖ್ಯವಾಗಿ ಕಂಡದ್ದು ನಡುವೆ ಇರುವ ನೆಲ. ಬಂದವರಿಗೆ ಕಂಬಳಿ, ದವಸ, ಹಳೆಯ ಬಟ್ಟೆ ಕೊಟ್ಟರೆ ಅದು ದಾನ. ನೆಲಕ್ಕೆ ಇಳಿಯಲು ಬಿಟ್ಟರೆ ಬೇರೆಯೇ ಒಂದು ಸಂಬಂಧ ಹುಟ್ಟುತ್ತದೆ.

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದೆ. ಮನೆಯ ಯಜಮಾನರು ಸಜ್ಜನರು. ಹಬ್ಬಕ್ಕೆ ಒಬ್ಬಟ್ಟು ಕಳಿಸುವರು. ಮಗಳಿಗೆ ಜ್ವರ ಬಂದ ರಾತ್ರಿ ಆಟೋ ಹುಡುಕಿ ತಂದವರೂ ಅವರೇ. ಒಮ್ಮೆ ಹಿತ್ತಲಿನಲ್ಲಿ ನಾನೊಂದು ಕರಿಬೇವಿನ ಸಸಿ ನೆಟ್ಟೆ. ಅವರ ಮುಖ ಚಿಕ್ಕದಾಯಿತು. “ಮೇಷ್ಟ್ರೇ, ಬೇಕಾದರೆ ಕುಂಡದಲ್ಲಿ ಇಟ್ಟುಕೊಳ್ಳಿ, ನೆಲದಲ್ಲಿ ಬೇಡಿ” ಎಂದರು. ಅವರದು ಕೆಟ್ಟ ಮನಸ್ಸಲ್ಲ. ಬೇರು ಇಳಿದರೆ ಹಕ್ಕೂ ಇಳಿಯುತ್ತದೆ ಎಂಬ ಹಳೆಯ ಭಯ. ಆ ಭಯದಲ್ಲಿ ಒಂದು ಸತ್ಯವಿದೆ ಎಂಬುದನ್ನೂ ಒಪ್ಪಬೇಕು.

ಉಪಕಾರದಿಂದ ಋಣ ಹುಟ್ಟುತ್ತದೆ; ಪಾಲಿನಿಂದ ಹಕ್ಕು ಹುಟ್ಟುತ್ತದೆ. ಉಪಕಾರ ಮಾಡುವವನು ಎತ್ತರದಲ್ಲಿಯೇ ಉಳಿಯುತ್ತಾನೆ, ಆದ್ದರಿಂದ ಅದು ಸುಲಭ. ಪಾಲು ಕೊಡುವವನು ಕೆಳಗಿಳಿಯಬೇಕು. ಕೃತಜ್ಞತೆ ಒಳ್ಳೆಯ ಗುಣವೇ. ಆದರೆ ಜೀವಮಾನವೆಲ್ಲ ಕೃತಜ್ಞನಾಗಿಯೇ ಇರು ಎಂದು ಒಬ್ಬನಿಗೆ ವಿಧಿಸಿದರೆ ಅದಕ್ಕೂ ಜೀತಕ್ಕೂ ಬಹಳ ಅಂತರವಿಲ್ಲ. ಹೊಸಬನು ಒಂದು ಭಾನುವಾರ ವೆಸ್ಟ್ರಿಯ ಸಭೆಯಲ್ಲಿ ಕುಳಿತು, “ಈ ಖರ್ಚು ಬೇಡ, ನಾನು ಒಪ್ಪುವುದಿಲ್ಲ” ಎನ್ನುವ ದಿನ ಬರಬೇಕು. ಅಂದು ಯಾರೂ “ನಿನ್ನನ್ನು ಸೇರಿಸಿಕೊಂಡದ್ದಕ್ಕೆ ಇದೇ ಫಲವೆ?” ಎಂದು ಕೇಳದಿದ್ದರೆ ಆ ಸಭೆ ಪರೀಕ್ಷೆಯಲ್ಲಿ ಗೆದ್ದಂತೆ.

ಈ ಪರೀಕ್ಷೆಯಲ್ಲಿ ಎಪಿಸ್ಕೋಪಲ್ ಚರ್ಚು ಹಿಂದೆ ಅರ್ಧ ಗೆದ್ದು ಅರ್ಧ ಸೋತ ಕಥೆಯೂ ಉಂಟು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾ ನಗರದ ಒಂದು ಮೆಥಡಿಸ್ಟ್ ಚರ್ಚಿನಲ್ಲಿ, ಪ್ರಾರ್ಥನೆಗೆ ಮೊಣಕಾಲೂರಿದ್ದ ಕರಿಯ ಜನರನ್ನು ಇದು ನಿಮ್ಮ ಜಾಗವಲ್ಲವೆಂದು ಎಬ್ಬಿಸಲು ಹೋದರು. ಅವರೆಲ್ಲ ಎದ್ದು ಹೊರನಡೆದರು. ಅವರ ಮುಂದಾಳುಗಳಲ್ಲಿ ಒಬ್ಬ ಅಬ್ಸಲೋಮ್ ಜೋನ್ಸ್. 1746ರಲ್ಲಿ ಗುಲಾಮನಾಗಿ ಹುಟ್ಟಿ, ಮೊದಲು ಹೆಂಡತಿಯ ಬಿಡುಗಡೆಯನ್ನೂ ಅನಂತರ 1784ರಲ್ಲಿ ತನ್ನ ಬಿಡುಗಡೆಯನ್ನೂ ಪಡೆದವನು. 1793ರಲ್ಲಿ ಆ ನಗರಕ್ಕೆ ಹಳದಿ ಜ್ವರ ಬಡಿದಾಗ ಅವನೂ ಅವನ ಗೆಳೆಯ ರಿಚರ್ಡ್ ಅಲೆನ್ನನೂ ಕರಿಯ ಜನರನ್ನು ಕೂಡಿಸಿಕೊಂಡು ರೋಗಿಗಳ ಸೇವೆಗೆ ನಿಂತರು. 1794ರಲ್ಲಿ ಜೋನ್ಸನ ಜನ ಕಟ್ಟಿದ ಸಂತ ಥಾಮಸ್ ಆಫ್ರಿಕನ್ ಚರ್ಚು ಎಪಿಸ್ಕೋಪಲ್ ಪಂಗಡಕ್ಕೆ ಸೇರಿತು. ಸೇರುವಾಗ ಅವರು ಹಾಕಿದ ಷರತ್ತುಗಳಲ್ಲಿ ಒಂದು, ತಮ್ಮ ಸಭೆಯ ಆಡಳಿತ ತಮ್ಮ ಕೈಯಲ್ಲೇ ಇರಬೇಕು ಎಂಬುದು. ಚರ್ಚು ಒಪ್ಪಿತು. ಜೋನ್ಸ್ ಮುಂದೆ ಆ ಪಂಗಡದ ಮೊದಲ ಕರಿಯ ಪಾದ್ರಿಯಾದನು. ಆದರೆ ಜಿಲ್ಲೆಯ ಎಲ್ಲ ಸಭೆಗಳೂ ಕೂಡಿ ತೀರ್ಮಾನ ಮಾಡುವ ಮಹಾಸಭೆಯಲ್ಲಿ ಅವನ ಸಭೆಗೆ ಸ್ಥಾನ ದೊರೆಯಲು 1860ರ ದಶಕ ಬರಬೇಕಾಯಿತು. ತಮ್ಮ ಕೋಣೆಯ ಬೀಗದ ಕೈ ಸಿಕ್ಕಿತು. ದೊಡ್ಡ ಮನೆಯಲ್ಲಿ ಮಾತಾಡುವ ಹಕ್ಕು ಸಿಕ್ಕಲು ಮೂರು ತಲೆಮಾರು ಕಾಯಬೇಕಾಯಿತು.

ಅದೇ ಫಿಲಡೆಲ್ಫಿಯಾದಲ್ಲಿ ಇನ್ನೊಂದು ಚರ್ಚು, ಅಡ್ವೊಕೇಟ್ ಎಂದು ಹೆಸರು. ಬಡ ಕರಿಯರ ಬಡಾವಣೆಯ ನಡುವೆ ಇರುವಂಥದು. ಪಾಲ್ ವಾಷಿಂಗ್ಟನ್ ಎಂಬವರು ಪಾದ್ರಿ. ಹೆಂಗಸರು ಪಾದ್ರಿಗಳಾಗಲು ಪಂಗಡದ ನಿಯಮ ಇನ್ನೂ ಬಿಟ್ಟಿರಲಿಲ್ಲ. 1974ರ ಜುಲೈ 29ರಂದು 11 ಮಂದಿ ಹೆಂಗಸರಿಗೆ ದೀಕ್ಷೆ ಕೊಡಲು ಕೆಲವು ಬಿಷಪ್ಪರು ಧೈರ್ಯ ಮಾಡಿದಾಗ ಬಾಗಿಲು ತೆರೆದದ್ದು ಈ ಚರ್ಚು. ಅಂದು ಮೆರವಣಿಗೆಯ ಮುಂದೆ ಶಿಲುಬೆ ಹಿಡಿದು ನಡೆದ ಬಾರ್ಬರಾ ಹ್ಯಾರಿಸ್ ಆ ಸಭೆಯ ಕರಿಯ ಮಹಿಳೆ. 1989ರಲ್ಲಿ ಆಕೆ ಜಗತ್ತಿನ ಆಂಗ್ಲಿಕನ್ ಚರ್ಚುಗಳಲ್ಲೇ ಮೊದಲ ಮಹಿಳಾ ಬಿಷಪ್ಪರಾದರು. ಒಮ್ಮೆ ಬಾಗಿಲ ಹೊರಗೆ ನಿಂತವರಿಗೆ ಬಾಗಿಲು ಎಷ್ಟು ಅಗಲ ತೆರೆಯಬೇಕೆಂಬುದು ಗೊತ್ತಿರುತ್ತದೆ. ಎಲ್ಲರಿಗೂ ಗೊತ್ತಿರುತ್ತದೆ ಎನ್ನಲಾರೆ. ತಾನು ಒಳಗೆ ಬಂದ ಕೂಡಲೆ ಅಗುಳಿ ಹಾಕುವವರನ್ನೂ ನಾವು ನೋಡಿದ್ದೇವೆ.

ಹಳಬರ ಕಡೆಯ ಮಾತನ್ನೂ ಕೇಳಬೇಕು. ನಲವತ್ತು ವರ್ಷ ಅದೇ ಬೆಂಚಿನಲ್ಲಿ ಕುಳಿತು, ಅದೇ ಹಾಡನ್ನು ಹಾಡಿ, ಗಂಡನನ್ನು ಅದೇ ಅಂಗಳದಿಂದ ಮಣ್ಣಿಗೆ ಕಳಿಸಿದ ಮುದುಕಿಯೊಬ್ಬಳಿಗೆ ಈಗ ಅರ್ಧ ಪ್ರಾರ್ಥನೆ ತಿಳಿಯದ ಭಾಷೆಯಲ್ಲಿ ಕೇಳಿಸುತ್ತದೆ. ಅಡುಗೆಮನೆಯಿಂದ ಗುರುತಿಲ್ಲದ ಒಗ್ಗರಣೆಯ ವಾಸನೆ ಬರುತ್ತದೆ. ಅವಳ ಸಂಕಟವನ್ನು ಸಂಕುಚಿತ ಬುದ್ಧಿ ಎಂದು ತಳ್ಳಿಹಾಕುವುದು ಅನ್ಯಾಯ. ಪಾಲು ಕೊಡುವುದೆಂದರೆ ಏನನ್ನೋ ಕಳೆದುಕೊಳ್ಳುವುದು. ನಷ್ಟವಿಲ್ಲದ ಔದಾರ್ಯವನ್ನು ಬೋಧಿಸುವವರನ್ನು ನಾನು ನಂಬುವುದಿಲ್ಲ.

ಇಂಥ ಸಭೆಯ ಪಾದ್ರಿಯ ಕೆಲಸ ಈ ಎರಡು ದುಃಖಗಳ ನಡುವೆ ನಡೆದಾಡುವುದು: ಊರು ಬಿಟ್ಟವರ ದುಃಖ, ಊರಲ್ಲೇ ಇದ್ದು ಊರು ಬದಲಾದವರ ದುಃಖ. ಭಾನುವಾರದ ಉಪದೇಶ ಅದರಲ್ಲಿ ಒಂದು ಸಣ್ಣ ಪಾಲು. ಉಳಿದ ದಿನಗಳಲ್ಲಿ ಆಸ್ಪತ್ರೆ, ಶಾಲೆ, ಕಛೇರಿ, ಅರ್ಜಿಗೆ ಸಹಿ, ದುಭಾಷಿಯ ಹುಡುಕಾಟ. ಸಣ್ಣ ಸಭೆಗಳಿಗೆ ಪೂರ್ತಿ ಸಂಬಳ ಕೊಡುವ ಶಕ್ತಿ ಇಲ್ಲದ ಕಾರಣ ಎಷ್ಟೋ ಪಾದ್ರಿಗಳು ಬೇರೊಂದು ನೌಕರಿಯನ್ನೂ ಮಾಡುತ್ತಾರೆ. ಅನೇಕ ಕಡೆ ಏಸು ಕಲಿಸಿದ ಪ್ರಾರ್ಥನೆಯನ್ನು ಪ್ರತಿಯೊಬ್ಬರೂ ಅವರವರ ಭಾಷೆಯಲ್ಲಿ ಒಟ್ಟಿಗೇ ಹೇಳುವ ರೂಢಿಯಿದೆ. ಕೇಳುವವನಿಗೆ ಗದ್ದಲ, ಆದರೂ ಹೇಗೋ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಸುತ್ತಾರೆ.

ಆ ಪೂಜೆಯ ನಡುವೆ ಒಬ್ಬರು ಇನ್ನೊಬ್ಬರ ಕೈಹಿಡಿದು ಶಾಂತಿ ಕೋರುವ ಒಂದು ಕ್ರಮವುಂಟು. ಅವರ 1979ರ ಪ್ರಾರ್ಥನಾ ಪುಸ್ತಕದಲ್ಲಿ ಅದಕ್ಕೆ ಸ್ಥಾನವಿದೆ. ಈ ಹಳೆಯ ಪದ್ಧತಿ ಪಶ್ಚಿಮದ ಚರ್ಚುಗಳಲ್ಲಿ ಮತ್ತೆ ಜೀವ ತಳೆಯುವುದಕ್ಕೆ ನಮ್ಮ ದಕ್ಷಿಣ ಭಾರತ ಸಭೆ 1950ರಲ್ಲಿ ರೂಪಿಸಿದ ಆರಾಧನಾಕ್ರಮವೂ ಒಂದು ಪ್ರೇರಣೆ. ಆ ಸಭೆಗೆ ಅದು ಬಂದದ್ದು ಕೇರಳದ ಸಿರಿಯನ್ ಕ್ರೈಸ್ತರಿಂದ. ಕೈಗೆ ಕೈ ಕೂಡಿಸುವ ಕ್ರಮ ಹೀಗೆ ಕಡಲು ದಾಟಿತು. ಇತ್ತ ನಮ್ಮ ಬೆಂಗಳೂರಿನಲ್ಲಿ ಒಂದೇ ಚರ್ಚಿನ ಕಟ್ಟಡದಲ್ಲಿ ಒಂದು ಹೊತ್ತು ಒಂದು ಭಾಷೆಯವರು, ಇನ್ನೊಂದು ಹೊತ್ತು ಇನ್ನೊಂದು ಭಾಷೆಯವರು ಕೂಡುವುದುಂಟು. ಅನುಕೂಲ ಸರಿ, ಸೂರು ಒಂದಾದರೂ ಕೈ ಕೂಡುವುದು ಯಾವಾಗ? ಇದು ಕ್ರೈಸ್ತರಿಗೆ ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ. ಬಡಾವಣೆಯ ಸಂಘಗಳಲ್ಲಿ, ದೇವಸ್ಥಾನದ ಸಮಿತಿಗಳಲ್ಲಿ, ನಮ್ಮ ಕಾಲೇಜುಗಳಲ್ಲಿ ಹೊಸಬರಿಗೆ ಕುರ್ಚಿ ಕೊಡುತ್ತೇವೆ, ಕಡತ ಕೊಡುತ್ತೇವೆಯೆ?

ಕನ್ನಡದಲ್ಲಿ ಒಂದು ಮಾತಿದೆ, ಒಕ್ಕಲು. ನೆಲ ಉಳುವವನು ಒಕ್ಕಲು. ಇನ್ನೊಬ್ಬರ ಜಮೀನಿನಲ್ಲಿ ನೆಲೆಸಿದ ಗೇಣಿದಾರನೂ ಒಕ್ಕಲು. ಒಂದು ದೇವರಿಗೆ ನಡೆದುಕೊಳ್ಳುವ ಮನೆತನ ಆ ದೇವರ ಒಕ್ಕಲು. ಹೊಸ ಮನೆಗೆ ಹಾಲುಕ್ಕಿಸಿ ಕಾಲಿಡುವುದು ಮನೆಯೊಕ್ಕಲು. ಬಂದವನು, ಉಳುವವನು, ಭಕ್ತ, ಮನೆಯವನು, ಇವರಿಗೆಲ್ಲ ಒಂದೇ ಹೆಸರು. ಸಭೆ ಎಂಬರ್ಥದ ಪ್ಯಾರಿಷ್ ಎಂಬ ಇಂಗ್ಲಿಷ್ ಮಾತಿನ ಬೇರು ಗ್ರೀಕಿನ ಪರೋಯ್ಕಿಯಾ. ಸ್ವಂತ ಊರಲ್ಲದ ಊರಿನಲ್ಲಿ, ಪರಕೀಯರಾಗಿ, ಪಕ್ಕದಲ್ಲಿ ವಾಸಮಾಡುವುದು ಎಂದು ಅದರ ಅರ್ಥ. ಆ ಮಾತನ್ನು ಮೊದಲು ತಮಗೆ ಅನ್ವಯಿಸಿಕೊಂಡವರು ತಾವೇ ಈ ಲೋಕದಲ್ಲಿ ನೆಲೆಯಿಲ್ಲದವರು ಎಂದು ತಿಳಿದಿದ್ದರು. ಕಾಲಕ್ರಮದಲ್ಲಿ ಅರ್ಥ ತಿರುಗಿ, ಪ್ಯಾರಿಷ್ ಎಂದರೆ ಗಡಿ ಹಾಕಿದ ಸ್ವಂತ ಸೀಮೆ ಎಂದಾಯಿತು. ಮಾತಿಗೆ ಆದ ಗತಿಯೇ ಮನುಷ್ಯರಿಗೂ ಆಗುತ್ತದೆ. ಯಾವ ಮನೆಯ ಯಜಮಾನನಾದರೂ ಒಂದು ದಿನ ಆ ಹೊಸ್ತಿಲನ್ನು ಮೊದಲ ಬಾರಿಗೆ ದಾಟಿ ಬಂದವನೇ. ಅವನಿಗೂ ಅಂದು ಯಾರೋ ಬಾಗಿಲು ತೆರೆದಿದ್ದರು. ಅದನ್ನು ನೆನಪಿನಲ್ಲಿಟ್ಟುಕೊಂಡವನಿಗೆ, ಬಂದವನನ್ನು ದೇವರೆಂದು ಕರೆಯುವ ಅವಶ್ಯಕತೆಯೇ ಬೀಳಲಾರದು. ಒಕ್ಕಲು ಎಂದರೆ ಸಾಕು.