ಅಕ್ಕನ ಪಾಲು



ಬಾಗೇವಾಡಿಯ ಮಣ್ಣಿನಲ್ಲಿ ನಿಂತು ಧರ್ಮದ ಮಾತನ್ನಾಡುವವನು ಮೊದಲು ಒಬ್ಬ ಅಕ್ಕನನ್ನು ನೆನೆಯತಕ್ಕದ್ದು. ಉಪನಯನದ ವೇಳೆಯಲ್ಲಿ ಬಾಲಕ ಬಸವಣ್ಣನವರು, ಹಿರಿಯಳಾದ ನಾಗಮ್ಮನಿಗೆ ಈ ಸಂಸ್ಕಾರವೇಕಿಲ್ಲವೆಂದು ಕೇಳಿದರೆಂದೂ, ಅಕ್ಕನಿಗಿಲ್ಲದ್ದು ತಮಗೂ ಬೇಡವೆಂದು ಮನೆಬಿಟ್ಟು ಹೊರಟರೆಂದೂ ನಮ್ಮ ಪರಂಪರೆಯು ಹೇಳುವದು. ಎಂಟುನೂರು ವರ್ಷಗಳಿಗೂ ಹಿಂದಿನ ಆ ಪ್ರಶ್ನೆಯು ಇಂದಿಗೂ ನಮ್ಮ ಮನೆಗಳಲ್ಲಿ ಉತ್ತರವನ್ನು ಕಾಯುತ್ತ ಕುಳಿತಿರುವದು.

ಶರಣರು ಅದಕ್ಕೆ ಉತ್ತರವನ್ನು ನಡೆಯಿಂದ ಕೊಟ್ಟರು. ಇಷ್ಟಲಿಂಗವನ್ನು ಗಂಡಿಗೆಂತೋ ಹೆಣ್ಣಿಗೂ ಅಂತೆಯೇ ಅನುಗ್ರಹಿಸಿದರು. ಸೂತಕದ ಹೆಸರಿನಿಂದ ಆಕೆಯನ್ನು ದೂರವಿಡುವ ಪದ್ಧತಿಯನ್ನು ತೊರೆದರು. ರಾಟಿಯಲ್ಲಿ ನೂಲುವ ಕದಿರ ರೆಮ್ಮವ್ವೆಯೂ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮನೂ ಕಾಯಕಜೀವಿಗಳಾಗಿ ವಚನಕಾರ್ತಿಯರಾದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬರಲು ಹೇಳಿದವಳು ಲಕ್ಕಮ್ಮ. ಮನೆಗೆ ಬರುವ ಕಾಳಿನ ಧರ್ಮಾಧರ್ಮಗಳನ್ನು ತೂಗಿದವಳು ಹೆಂಡತಿ. ತಲೆಬಾಗಿ ನಡೆದವನು ಗಂಡ. ಸ್ತ್ರೀಗೆ ಸಂಪಾದನೆಯ ವಿಚಾರವೇಕೆಂದು ಕೇಳುವವರು ಈ ದಂಪತಿಗಳನ್ನು ನೋಡಿ ಕಲಿಯಲಿ.

ಇನ್ನು ನಮ್ಮ ಕಾಲವನ್ನು ನೋಡೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಗಳಿಂದ ಬೆಳಗಿನ ಬಸ್ಸಿನಲ್ಲಿ ಪುಸ್ತಕ ಹಿಡಿದ ಕನ್ನೆಯರು ಹೊರಡುತ್ತಿರುವರು. 2003ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವು 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಧರಿಸಿತು. ಸ್ತ್ರೀಶಕ್ತಿ ಸಂಘಗಳಲ್ಲಿ ತಾಯಂದಿರು ಉಳಿತಾಯದ ಲೆಕ್ಕವನ್ನು ಬರೆಯುತ್ತಿರುವರು. 2010ರ ತಿದ್ದುಪಡಿಯಿಂದ ಪಂಚಾಯಿತಿಯ ಅರ್ಧ ಸ್ಥಾನಗಳು ಅವರಿಗೆ ಮೀಸಲಾದವು. 2023ರಿಂದ ಸರಕಾರಿ ಬಸ್ಸಿನಲ್ಲಿ ಅವರಿಗೆ ಟಿಕೀಟಿನ ದುಡ್ಡೂ ಬೇಕಿಲ್ಲ.

ಇದು ಬೆಳಕಿನ ಭಾಗ, ಕತ್ತಲೆಯೂ ಉಂಟು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಅಕ್ಷರಸ್ಥ ಗಂಡಸರು ನೂರಕ್ಕೆ ಸುಮಾರು 77, ಹೆಂಗಸರು 57. ಮಳೆ ಕೈಕೊಟ್ಟ ವರ್ಷ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲೂ, ಗೋವೆಗೆ ಕೂಲಿಗೂ ಹೊರಟ ಸಂಸಾರದಲ್ಲಿ ಮೊದಲು ಶಾಲೆ ಬಿಡುವವಳು, ತಮ್ಮನನ್ನು ಎತ್ತಿಕೊಳ್ಳಬೇಕಾದ ಹುಡುಗಿ. ಒಂದೇ ಹೊಲದಲ್ಲಿ ಒಂದೇ ಬಿಸಿಲಿನಲ್ಲಿ ದುಡಿದರೂ ಹೆಣ್ಣಾಳಿನ ಕೂಲಿ ಗಂಡಾಳಿನ ಕೂಲಿಗಿಂತ ಕಡಿಮೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಿತ್ಯವೂ ಹೇಳುವ ನಾವು, ಕೂಲಿ ಎಣಿಸುವಾಗ ಮಾತ್ರ ಅದನ್ನು ಮರೆಯುವದೇಕೆ?

ಎಲ್ಲಕ್ಕಿಂತ ಸೂಕ್ಷ್ಮವಾದ ಮಾತು ಭೂಮಿಯದು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿರುವದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳೂ ಸಮಭಾಗಿಯೆಂದು 2005ರ ತಿದ್ದುಪಡಿಯು ಸಾರಿತು; ಆ ಹಕ್ಕು ಹುಟ್ಟಿನಿಂದಲೇ ಬರುವದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಆದರೆ ನಮ್ಮಲ್ಲಿ ನಡೆಯುವದೇನು? ತಂದೆ ಲಿಂಗೈಕ್ಯರಾದೊಡನೆ ಅಣ್ಣತಮ್ಮಂದಿರು ಹಕ್ಕು ಬಿಟ್ಟುಕೊಟ್ಟ ಪತ್ರವನ್ನು ಅಕ್ಕತಂಗಿಯರ ಮುಂದೆ ಇಡುವರು. ಸಹಿ ಮಾಡದಿದ್ದರೆ ಪಂಚಮಿಗೆ ಕರೆಯಲು ಯಾರೂ ಬಾರರು, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವರು ಓದದೆಯೇ ಸಹಿ ಮಾಡುವರು. ಅಂದು ಒಬ್ಬ ತಮ್ಮನು ಅಕ್ಕನಿಗಿಲ್ಲದ್ದನ್ನು ತಾನೂ ಒಲ್ಲೆನೆಂದನು. ಇಂದಿನ ತಮ್ಮನು ಅಕ್ಕನಿಗಿದ್ದುದನ್ನೂ ತನ್ನದಾಗಿಸಿಕೊಳ್ಳುವನು.

ಮದುವೆಯಲ್ಲಿ ಹೊನ್ನು ಕೊಟ್ಟೆವಲ್ಲವೇ ಎಂದು ಕೆಲವರು ಕೇಳುವರು. ವರದಕ್ಷಿಣೆಯು 1961ರಿಂದ ಅಪರಾಧ. ಅದು ಬೀಗರ ಕೈಸೇರುವದೇ ಹೊರತು ಮಗಳ ಕೈಯಲ್ಲಿ ಉಳಿಯುವದಿಲ್ಲ. ಹೊಲವು ತುಂಡಾಗುವದೆಂದು ಮತ್ತೆ ಕೆಲವರು ಹೇಳುವರು. ನಾಲ್ವರು ಗಂಡುಮಕ್ಕಳಿಗೆ ಹಂಚುವಾಗ ಈ ಚಿಂತೆ ಎಲ್ಲಿರುವದು? ಒಡಹುಟ್ಟಿದವಳು ಪ್ರೀತಿಯಿಂದ ಬಿಟ್ಟುಕೊಟ್ಟಳೆಂದು ಇನ್ನು ಕೆಲವರ ಸಮಾಧಾನ. ತನ್ನದೇನೆಂದು ಅರಿತು, ಮನವೊಪ್ಪಿ ಕೊಟ್ಟರೆ ಅದು ದಾಸೋಹ. ತನಗೆ ಹಕ್ಕಿದೆಯೆಂಬುದನ್ನೇ ತಿಳಿಯದವಳಿಂದ, ಇಲ್ಲವೆ ಅಂಜಿದವಳಿಂದ ಪಡೆದದ್ದು ಪ್ರಸಾದವಾಗಲಾರದು. ಹೆಚ್ಚಿನ ಅಕ್ಕಿಯನ್ನೇ ಸಹಿಸದ ಧರ್ಮವು ಒಡಹುಟ್ಟಿದವಳ ಎಕರೆಯನ್ನು ಸಹಿಸುವದೇ?

ಆದುದರಿಂದ ಗೃಹಸ್ಥರೇ, ಮಗಳನ್ನು ಓದಿನ ನಡುವೆ ಬಿಡಿಸಬೇಡಿರಿ. ಹದಿನೆಂಟು ತುಂಬುವ ಮುನ್ನ ಸೋದರಮಾವನಿಗಾದರೂ ಕೊಡಬೇಡಿರಿ. ಸೊಸೆ ತಂದ ಪಗಾರವನ್ನು ಆಕೆಯ ಕಾಯಕದ ಫಲವೆಂದು ಬಗೆದು, ಅದರ ವಿನಿಯೋಗದಲ್ಲಿ ಆಕೆಯ ಮಾತು ಕೇಳಿರಿ. ಉತಾರೆಯಲ್ಲಿ ಮಗಳ ಹೆಸರೂ ಬರಲಿ. ಕೊರಳಿನಲ್ಲಿ ಲಿಂಗವನ್ನು ಕಟ್ಟಿ ಸಮಾನಳೆಂದ ಮೇಲೆ, ಕಾಗದದ ಮೇಲೆ ಆಕೆಯನ್ನು ಹೊರಗಿಡುವದು ಲಿಂಗಕ್ಕೇ ಮಾಡಿದ ಅಪಚಾರ. ತವರಿನ ಬಾಗಿಲು ಪಾಲು ಪಡೆದ ಅಕ್ಕನಿಗೂ ಮೊದಲಿನಂತೆಯೇ ತೆರೆದಿರಲಿ.