ತಡವಾಗಿ ಬಂದವಳು

ಹೈದರಾಬಾದಿನ ಕಚೇರಿಯೊಂದರಲ್ಲಿ ಕೂತು ನಾನು ಅಮೆರಿಕದ ಆಸ್ಪತ್ರೆಗಳ ದಾಖಲೆ ಓದುತ್ತೇನೆ. ಮೆಡಿಕಲ್ ಕೋಡಿಂಗ್ ಅನ್ನುತ್ತಾರೆ. ವೈದ್ಯರು ಬರೆದದ್ದನ್ನು ಓದಿ ಒಂದೊಂದು ಕಾಯಿಲೆಗೂ ಅದರ ಕೋಡ್ ಹಾಕಬೇಕು. ಅದರ ಮೇಲೆ ವಿಮೆಗೆ ಬಿಲ್ಲು ಹೋಗುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಸಿ53, ಗರ್ಭಕೋಶದ ಕ್ಯಾನ್ಸರಿಗೆ ಸಿ54.

ಅದೇ ಪಟ್ಟಿಯಲ್ಲಿ ಝಡ್91.19 ಅಂತ ಇನ್ನೊಂದಿದೆ: ರೋಗಿ ಚಿಕಿತ್ಸೆಯ ಕ್ರಮವನ್ನು ಪಾಲಿಸಲಿಲ್ಲ. ಕರೆದ ದಿನ ಬರಲಿಲ್ಲ, ಅರ್ಧಕ್ಕೆ ಬಿಟ್ಟಳು. ಅದನ್ನು ಹಾಕುವಾಗ ಮೊದಲೆಲ್ಲ ನನಗೆ ಏನೂ ಅನ್ನಿಸುತ್ತಿರಲಿಲ್ಲ. ತನ್ನ ಜೀವದ ಮೇಲೆ ತನಗೇ ಕಾಳಜಿ ಇಲ್ಲದಿದ್ದರೆ ಯಾರೇನು ಮಾಡಲು ಸಾಧ್ಯ?

ಆಮೇಲೆ ಅಂಕಿಅಂಶ ಓದಿದೆ. ಅಮೆರಿಕದಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಕಪ್ಪು ಮಹಿಳೆಯರು ಸಾಯುವ ಪ್ರಮಾಣ ಬಿಳಿಯರದಕ್ಕಿಂತ ಸುಮಾರು ಎರಡು ಪಟ್ಟು. ಗರ್ಭಕಂಠದ ಕ್ಯಾನ್ಸರಿನಲ್ಲಂತೂ ಈ ಅಂತರ ಬಹುಕಾಲ ಪೂರ್ತಿ ಕಾಣಿಸಿರಲೇ ಇಲ್ಲ. ಆಪರೇಷನ್ನಿನಲ್ಲಿ ಗರ್ಭಕೋಶ ತೆಗೆಸಿಕೊಂಡವರನ್ನೂ ಸೇರಿಸಿ ಸಾವಿನ ಸರಾಸರಿ ತೆಗೆಯುತ್ತಿದ್ದರು. 2017ರಲ್ಲಿ ಬಂದ ಒಂದು ಅಧ್ಯಯನ ಅವರನ್ನು ಬಿಟ್ಟು ಲೆಕ್ಕ ಹಾಕಿತು. ಲಕ್ಷಕ್ಕೆ 5.7 ಇದ್ದ ಕಪ್ಪು ಮಹಿಳೆಯರ ಸಾವು 10.1 ಆಯಿತು, ಬಿಳಿಯರದು 3.2ರಿಂದ 4.7.

ರೋಗದ ಸ್ವಭಾವವೂ ಇದೆ, ನಿಜ. ಗರ್ಭಕೋಶದ ಕ್ಯಾನ್ಸರಿನಲ್ಲಿ ಬೇಗ ಹರಡುವ ಬಗೆ ಕಪ್ಪು ಮಹಿಳೆಯರಲ್ಲಿ ಹೆಚ್ಚು. ಆದರೆ ಅಷ್ಟರಿಂದಲೇ ಈ ಅಂತರ ಪೂರ್ತಿ ತುಂಬುವುದಿಲ್ಲ. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ, ಕಪ್ಪು ಜನರ ಕೇರಿಗಳಿಗೆ ಕೆಂಪು ಬಳಿಸಿತು. ಇಲ್ಲಿ ಸಾಲ ಕೊಟ್ಟರೆ ಮುಳುಗುತ್ತದೆ ಅಂತ. ಸಾಲ ಹುಟ್ಟದ ಕಡೆ ಮನೆಗಳಿಗೆ ಬೆಲೆ ಬರಲಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿ ಉಳಿಯಲಿಲ್ಲ. ಕೇರಿ ಅಂದರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಡವರ ಸರ್ಕಾರಿ ವಿಮೆಯನ್ನು ವಿಸ್ತರಿಸಲು 2010ರ ಕಾನೂನು ದಾರಿ ಮಾಡಿಕೊಟ್ಟರೂ ಅಲಬಾಮ, ಮಿಸಿಸಿಪ್ಪಿಯಂಥ ರಾಜ್ಯಗಳು ಒಪ್ಪಲಿಲ್ಲ. ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಅಂದರೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ. ಕಾರಿಲ್ಲದ, ದಿನಗೂಲಿಯ ಹೆಂಗಸು ದೂರದ ಆಸ್ಪತ್ರೆಗೆ ಇಪ್ಪತ್ತೈದು ಸಲ ಹೋಗಿಬರಬೇಕು. ಹದಿನಾರನೆಯ ದಿನ ಬರಲಿಲ್ಲ ಅಂದರೆ ನನ್ನ ಪರದೆಯ ಮೇಲೆ ಅವಳು ‘ಪಾಲಿಸದವಳು’.

ಎರಡು ವರ್ಷದ ಹಿಂದೆ ರಾಯಚೂರು ಕಡೆಯ ನಮ್ಮೂರಲ್ಲಿ ಸೋದರತ್ತೆಗೆ ಇದೇ ಕಾಯಿಲೆ ಬಂತು. ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ರಕ್ತ ಕಂಡಿದೆ. ಏಳು ತಿಂಗಳು ಯಾರಿಗೂ ಹೇಳಿಲ್ಲ. ನಾನು ಫೋನಿನಲ್ಲಿ ಗದರಿಸಿಯೇ ಕೇಳಿದೆ: “ಅತ್ತೀ, ಮೊದಲೇ ಯಾಕ ಹೇಳಲಿಲ್ಲ?”

“ಯಾರಿಗಿ ಹೇಳ್ಲೆವ್ವಾ? ಹತ್ತಿ ಬಿಡಿಸೂದಿತ್ತು. ದವಾಖಾನಿಗಿ ಹೋದ್ರ ನನ್ನ ಕೂಲೀನೂ ಹೋತು, ಜೊತಿಗಿ ಬರೋರ ಕೂಲೀನೂ ಹೋತು.”

ದಿನವಿಡೀ ಕಾಯಿಲೆಯ ಹೆಸರುಗಳ ನಡುವೆಯೇ ಇರುವ ನಾನು ಆ ಏಳು ತಿಂಗಳಲ್ಲಿ ಎಷ್ಟು ಸಲ ಫೋನು ಮಾಡಿದ್ದೆ? ಹಬ್ಬಕ್ಕೊಂದು ಸಲ.

ಹಾಗಾದರೆ ವ್ಯಕ್ತಿಗೆ ಹೊಣೆಯೇ ಇಲ್ಲವೇ? ಇದೆ. ಅತ್ತೆ ಹೇಳಬಹುದಿತ್ತು, ಅವಳೇನು ತಿಳಿಯದವಳಲ್ಲ. ಆದರೆ ಹೊಣೆಯನ್ನು ಅಳೆಯುವ ಮೊದಲು ಅವಳ ಮುಂದೆ ಎಷ್ಟು ದಾರಿಗಳಿದ್ದವು ಅಂತ ಎಣಿಸಬೇಕು. ಎಣಿಸದೆ ‘ತಡ ಮಾಡಿದಳು’ ಅನ್ನುವುದು ನಮಗೆ ಅನುಕೂಲ. ತಪ್ಪು ಅವಳೊಬ್ಬಳಲ್ಲೇ ಉಳಿಯುತ್ತದೆ. ಸಾಲ ಕೊಡದ ಬ್ಯಾಂಕು, ಬಾರದ ಬಸ್ಸು, ಫೋನು ಮಾಡದ ಸೊಸೆ ಎಲ್ಲರೂ ಪಾರಾಗುತ್ತಾರೆ.

2023ರ ಅಕ್ಟೋಬರಿನಲ್ಲಿ ಆ ಝಡ್91.19 ಒಡೆದು ಮೂರಾಯಿತು: ಹಣದ ಅಡಚಣೆಯಿಂದ ಪಾಲಿಸದವರು, ಬೇರೆ ಕಾರಣಕ್ಕೆ ಪಾಲಿಸದವರು, ಕಾರಣ ನಮೂದಾಗದವರು. ಹೋಗಿಬರಲು ವಾಹನವಿಲ್ಲ ಅನ್ನುವುದಕ್ಕೆ ಅದರ ಹಿಂದಿನ ವರ್ಷವೇ ಝಡ್59.82 ಬಂದಿತ್ತು. ಆದರೆ ನಾನು ಊಹಿಸಿ ಹಾಕುವಂತಿಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಅವಳನ್ನು ಕೇಳಿ, ಕೇಳಿದ್ದನ್ನು ದಾಖಲೆಯಲ್ಲಿ ಬರೆದಿರಬೇಕು. ಬಹಳಷ್ಟು ಹಾಳೆಗಳಲ್ಲಿ ಆ ಜಾಗ ಖಾಲಿ ಇರುತ್ತದೆ.

ಅತ್ತೆ ಈಗ ಇಲ್ಲ. ಅವಳ ಮಗಳಿಗೆ ಪ್ರತಿ ಭಾನುವಾರ ಫೋನು ಮಾಡುತ್ತೇನೆ. ಮೈ ಹೇಗಿದೆ ಅಂತ ಕೇಳಿದ ಮೇಲೆ, ದವಾಖಾನೆಗೆ ಹೋಗಬೇಕಾದರೆ ಆ ದಿನದ ಕೂಲಿಗೆ ಏನು ಮಾಡುತ್ತೀ ಅಂತಲೂ ಕೇಳುತ್ತೇನೆ.