ಆದಿಯಲ್ಲೇ ಹಂಸಪಾದ

ಕೆಲಸ ಶುರುವಾಗುವ ಮೊದಲೇ ಎಡವಿದರೆ ‘ಆದಿಯಲ್ಲೇ ಹಂಸಪಾದ’ ಎನ್ನುತ್ತೇವೆ. ನನ್ನ ಸಂಶೋಧನೆಯಲ್ಲೂ ಒಂದು ಹಂಸಪಾದ ಕೂತಿತ್ತು. ಗೊತ್ತಾಗುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು.

ಒಂದೇ ಕೃತಿಯ ಬೇರೆ ಬೇರೆ ಹಸ್ತಪ್ರತಿಗಳು ಒಂದರಿಂದೊಂದು ಎಷ್ಟು ದೂರ ಸರಿದಿವೆ ಎಂದು ನೋಡುವುದು ನನ್ನ ಕೆಲಸ. ಎರಡು ಪ್ರತಿಗಳ ಸಾಲುಗಳಲ್ಲಿ ಅಕ್ಷರಗಳ ಎಣಿಕೆ ಎಷ್ಟು ಬೇರೆಯಾಗಿದೆಯೋ ಅದರ ವರ್ಗ ತೆಗೆದು ಕೂಡಿಸುತ್ತಿದ್ದೆ. ಎಕ್ಸೆಲ್‌ನಲ್ಲಿ 3^2 ಎಂದು ಬರೆದರೆ 9 ಬರುತ್ತದೆ. ಅದೇ ಸೂತ್ರವನ್ನು ಪೈಥಾನ್‌ಗೆ ತಂದೆ. ಅಲ್ಲಿ ^ ಚಿಹ್ನೆಗೆ ಘಾತದ ಅರ್ಥವಿಲ್ಲ. ಎರಡು ಸಂಖ್ಯೆಗಳನ್ನು ದ್ವಿಮಾನದಲ್ಲಿ ಬರೆದು, ಅಂಕಿಗಳು ಬೇರೆಯಾದ ಕಡೆ 1, ಒಂದೇ ಆದ ಕಡೆ 0 ಇಡುವ ಕ್ರಿಯೆ ಅದು. ಹಾಗಾಗಿ 3^2 ಎಂದರೆ 1. 5^2 ಎಂದರೆ 25 ಅಲ್ಲ, 7. ಯಂತ್ರ ತಪ್ಪೆನ್ನಲಿಲ್ಲ. ಅದರ ಮಟ್ಟಿಗೆ ತಪ್ಪು ಇರಲೂ ಇಲ್ಲ. ಅಷ್ಟರಲ್ಲಿ ಆ ಕೋಷ್ಟಕವನ್ನು ಒಂದು ವಿಚಾರ ಸಂಕಿರಣದಲ್ಲಿ ಓದಿಯಾಗಿತ್ತು. ಗೆಳತಿಯೊಬ್ಬಳು ಅದನ್ನು ತನ್ನ ಪ್ರಬಂಧಕ್ಕೂ ಬಳಸಿಕೊಂಡಿದ್ದಳು.

ಹಾಗಾದರೆ ಈ ಚಿಹ್ನೆಗೆ ತನ್ನದೇ ಆದ ಅರ್ಥ ಯಾವುದು? 1637ರಲ್ಲಿ ಡೆಕಾರ್ಟ್ ತನ್ನ ರೇಖಾಗಣಿತದ ಪುಸ್ತಕದಲ್ಲಿ ಘಾತವನ್ನು ಸಣ್ಣ ಅಂಕಿಯಾಗಿ ಮೇಲಕ್ಕೆತ್ತಿ ಬರೆದ. ನಾವಿಂದು 2³ ಎಂದು ಬರೆಯುವುದು ಆ ರೀತಿಯಲ್ಲೇ. ಕೈಬರಹಕ್ಕೆ ಅದು ಸುಲಭ. ಆದರೆ ಕಂಪ್ಯೂಟರಿನ ಹಳೆಯ ಅಕ್ಷರಮಾಲೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲಬೇಕು, ಮೇಲೆ ಎಂಬ ಜಾಗವೇ ಇಲ್ಲ. 1963ರ ಆಸ್ಕಿ ಪಟ್ಟಿಯಲ್ಲಿ ಮೇಲ್ಮುಖದ ಬಾಣವೊಂದಿತ್ತು. 1967ರ ಪರಿಷ್ಕರಣೆಯಲ್ಲಿ ಅದರ ಜಾಗಕ್ಕೆ ^ ಬಂತು. ಬಾಣದ ಕೆಲಸವನ್ನು ಅದೇ ವಹಿಸಿಕೊಂಡಿತು. ಅಂದರೆ 2^3 ಎಂದು ಬರೆದಾಗ ನಾವು ಹೇಳುವುದು ಇಷ್ಟು: ‘ಇಲ್ಲಿ ಎತ್ತರ ಬೇಕಿತ್ತು, ನನ್ನ ಬಳಿ ಇಲ್ಲ, ನೀವೇ ಏರಿಸಿ ಓದಿಕೊಳ್ಳಿ.’

ಈ ಚಿಹ್ನೆಯ ಇಂಗ್ಲಿಷ್ ಹೆಸರು ಕ್ಯಾರೆಟ್. ಲ್ಯಾಟಿನ್‌ನಲ್ಲಿ ಆ ಪದಕ್ಕೆ ‘ಕೊರತೆಯಿದೆ’ ಎಂದೇ ಅರ್ಥ. ಬರೆಯುವಾಗ ಬಿಟ್ಟುಹೋದ ಪದವನ್ನು ಸೇರಿಸಬೇಕಾದ ಜಾಗಕ್ಕೆ ಹಾಕುತ್ತಿದ್ದ ಗುರುತು ಅದು. ನಮ್ಮ ಹಸ್ತಪ್ರತಿಗಳಲ್ಲಿ ಅದೇ ಕೆಲಸ ಮಾಡುವುದು ಹಂಸಪಾದ.

ತಪ್ಪು ಗೊತ್ತಾದ ವಾರವೇ ನಾನು ಶಿವಯೋಗ ಮಂದಿರಕ್ಕೆ ಹೋಗಿದ್ದೆ. ಬಾದಾಮಿಯಿಂದ ಬನಶಂಕರಿ ದಾಟಿ ಹೋದರೆ ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಸಂಸ್ಥೆ ಅದು. ವಟುಗಳಿಗೆ ಶಾಸ್ತ್ರ, ಯೋಗ ಕಲಿಸುವ ಈ ಜಾಗ ತಾಡವೋಲೆಗಳ ಸಂಗ್ರಹಕ್ಕೂ ಹೆಸರಾದದ್ದು. ನನಗೆ ಓಲೆ ಓದಲು ಕಲಿಸಿದ ನಮ್ಮೂರ ಅಜ್ಜ ಜೊತೆಗಿದ್ದರು. ಹೊಳೆದಂಡೆಯಲ್ಲಿ ಕೂತು ಅವರಿಗೆ ನಡೆದದ್ದನ್ನೆಲ್ಲ ಹೇಳಿ, “ಸುಮ್ಮನೆ ಅಂಕಿ ಬದಲಿಸಿಬಿಡಲಾ ಅಜ್ಜಾ? ಯಾರಿಗೂ ಗೊತ್ತಾಗಲ್ಲ” ಎಂದೆ.

“ನಿನ್ನ ಕಂಪ್ಯೂಟರಿನ್ಯಾಗ ಅಳಸಾಕ ಬರತೈತಿ ತಂಗಿ, ಓಲಿ ಮ್ಯಾಲೆ ಬರೂದಿಲ್ಲ,” ಎಂದರು ಅಜ್ಜ. “ಅಲ್ಲಿ ಬಿಟ್ಟಿದ್ದನ್ನ ಬಿಟ್ಟೀನಿ ಅಂತ ಹೇಳೇ ಬರೀಬೇಕು.”

ಕಂಠವೆಂಬ ಕಬ್ಬಿಣದ ಮೊನೆಯಿಂದ ಓಲೆಯ ಮೇಲೆ ಕೊರೆದು, ಆಮೇಲೆ ಕಪ್ಪು ತಿಕ್ಕುತ್ತಾರೆ. ಕೊರೆದ ಗೀರನ್ನು ಒರೆಸಿ ತೆಗೆಯುವಂತಿಲ್ಲ. ಬಿಟ್ಟ ಅಕ್ಷರವನ್ನು ಸಾಲಿನ ಮೇಲೋ ಕೆಳಗೋ ಅಂಚಿನಲ್ಲೋ ಬರೆದು, ಅದು ಸೇರುವ ಜಾಗಕ್ಕೆ ಗುರುತು ಹಾಕುತ್ತಾರೆ. ‘ತಪ್ಪಿದ್ದರೆ ತಿದ್ದಿ ಓದಿ’ ಎಂದು ಕೊನೆಯಲ್ಲಿ ಬೇಡಿಕೊಂಡ ಪ್ರತಿಕಾರರೂ ಬಹಳ. ಇದನ್ನು ಬರೀ ವಿನಯವೆಂದು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಪ್ರತಿಯನ್ನು ನೋಡಿ ಇನ್ನೊಬ್ಬ ಬರೆದುಕೊಳ್ಳುತ್ತಾನೆ, ಅವನದನ್ನು ನೋಡಿ ಮತ್ತೊಬ್ಬ. ಒಬ್ಬನ ಲೋಪ ಅವನೊಬ್ಬನದಾಗಿ ಉಳಿಯುವುದಿಲ್ಲ.

ಎಲ್ಲ ತಪ್ಪನ್ನೂ ಸಾರಿ ಹೇಳಬೇಕೆ? ಬೇಡವೆಂದೇ ನನಗನ್ನಿಸುತ್ತದೆ. ಇನ್ನೊಬ್ಬರು ಓದದ ಕರಡಿನಲ್ಲಿ ಎಷ್ಟು ಅಳಿಸಿದರೂ ಅದು ನನ್ನ ಪಾಡು. ಆದರೆ ಇನ್ನೊಬ್ಬರ ಕೈಸೇರಿದ ಅಂಕಿಯನ್ನು ನನ್ನ ಕಡತದಲ್ಲಿ ಸದ್ದಿಲ್ಲದೆ ತಿದ್ದಿದರೆ ಸರಿಯಾಗುವುದು ನನ್ನ ಕಡತ ಮಾತ್ರ. ಗೆಳತಿಯ ಪ್ರಬಂಧದಲ್ಲಿ 9 ಇರಬೇಕಾದ ಕಡೆ 1 ಹಾಗೇ ಉಳಿಯುತ್ತದೆ. ಮೌಖಿಕ ಪರೀಕ್ಷೆಯಲ್ಲಿ ನಗೆಪಾಟಲಾದೇನೆಂಬ ಅಂಜಿಕೆ ನನಗಿತ್ತು, ಈಗಲೂ ಇದೆ. ಆ ಅಂಜಿಕೆಯ ಬೆಲೆಯನ್ನು ಅವಳು ಯಾಕೆ ತೆರಬೇಕು?

ಚಿಹ್ನೆಯ ಅರ್ಥ ಚಿಹ್ನೆಯೊಳಗಿಲ್ಲ, ಬರೆಯುವವರೂ ಓದುವವರೂ ಮಾಡಿಕೊಂಡ ಒಪ್ಪಂದದಲ್ಲಿದೆ. ಒಂದು ಒಪ್ಪಂದದ ಚಿಹ್ನೆಯನ್ನು ಇನ್ನೊಂದಕ್ಕೆ ಕೇಳದೆ ಹೊತ್ತು ತಂದದ್ದು ನನ್ನ ಮೊದಲ ತಪ್ಪು, ಅದು ತಿಳಿಯದೆ ಆದದ್ದು. ಮುಚ್ಚಿಟ್ಟಿದ್ದರೆ ಎರಡನೆಯದು ತಿಳಿದೇ ಮಾಡಿದ್ದಾಗುತ್ತಿತ್ತು.

ಊರಿಗೆ ಬಂದ ರಾತ್ರಿಯೇ ಗೆಳತಿಗೂ ಸಂಕಿರಣದವರಿಗೂ ಬರೆದೆ. ಹಳೆಯ ಕೋಷ್ಟಕವನ್ನು ತೆಗೆಯಲಿಲ್ಲ. ಕೆಳಗೆ ಒಂದು ^ ಹಾಕಿ, ಏನು ತಪ್ಪಿತ್ತು, ಸರಿಯಾದದ್ದು ಎಷ್ಟು ಎಂದು ಸೇರಿಸಿದೆ. ಗೆಳತಿಯ ಉತ್ತರ ಬೆಳಿಗ್ಗೆ ಬಂತು: “ಬೈಯಬೇಕು ಅನ್ನಿಸ್ತು. ಆಮೇಲೆ ನನ್ನ ಸೂತ್ರಗಳನ್ನೂ ತೆರೆದು ನೋಡಿದೆ. ಅಲ್ಲೂ ಒಂದಿದೆ.”